ಗೌರವ ಪ್ರತಿಗಳ ಲೆಕ್ಕ

ಗಳಗನಾಥರ (1869–1942) ಮಾತು ಬಂದಾಗಲೆಲ್ಲ ನಾವು ನೆನೆಯುವುದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಕಾದಂಬರಿಕಾರನನ್ನು. ಅವರು ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟರು, ನಿಜ. ಆದರೆ ಆ ಗಂಟನ್ನು ತ್ಯಾಗವೆಂದು ಕೊಂಡಾಡುವ ಭರದಲ್ಲಿ, ಬರೆದವರೇ ಅದನ್ನು ಏಕೆ ಹೊರಬೇಕಾಯಿತು ಎಂದು ಕೇಳುವುದನ್ನೇ ಬಿಟ್ಟಿದ್ದೇವೆ.

ಈಗಲೂ ನಡೆದುಬಂದಿರುವ ರೂಢಿಯನ್ನು ನೋಡಿ. ಒಪ್ಪಂದ ಎಷ್ಟೋ ಸಲ ಬಾಯಿಮಾತಿನಲ್ಲೇ ಮುಗಿಯುತ್ತದೆ. ಕರಡು ತಿದ್ದುವುದು, ಮುನ್ನುಡಿ ಬರೆಸುವುದು, ಬಿಡುಗಡೆಗೆ ಜನ ಸೇರಿಸುವುದು ಎಲ್ಲವೂ ಲೇಖಕರ ತಲೆಗೇ. ಕೊನೆಗೆ ಕೈಗೆ ಬರುವುದು ಒಂದಿಷ್ಟು ಗೌರವ ಪ್ರತಿಗಳು. 200 ರೂಪಾಯಿ ಬೆಲೆಯ ಪುಸ್ತಕದ 500 ಪ್ರತಿಗಳೂ ಖರ್ಚಾದವು ಎನ್ನೋಣ, ಶೇ. 10ರ ಲೆಕ್ಕದಲ್ಲಿ ಗೌರವಧನ 10,000 ರೂಪಾಯಿ. ಎರಡು ವರ್ಷ ಕೂತು ಬರೆದಿದ್ದರೆ ತಿಂಗಳಿಗೆ ನಾನೂರು ಚಿಲ್ಲರೆ. ಅದನ್ನೂ ಪುಸ್ತಕದ ರೂಪದಲ್ಲೇ ಕೊಟ್ಟರೆ 50 ಪ್ರತಿ. ಲೇಖಕರು ಅವನ್ನು ಹಂಚುವುದು ಗೆಳೆಯರಿಗೆ, ಸಹೋದ್ಯೋಗಿಗಳಿಗೆ. ಅಂದರೆ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದವರಿಗೇ. ಹೀಗೆ ಗೌರವ ಪ್ರತಿ ಸಂಭಾವನೆಯನ್ನೂ ನುಂಗುತ್ತದೆ, ಮಾರಾಟವನ್ನೂ ನುಂಗುತ್ತದೆ.

ಪ್ರಕಾಶಕರನ್ನಷ್ಟೇ ದೂರುವುದು ನ್ಯಾಯವಲ್ಲ. ಕಾಗದ, ಮುದ್ರಣಗಳಿಗೆ ಮೊದಲೇ ದುಡ್ಡು ಸುರಿಯಬೇಕು; ಗ್ರಂಥಾಲಯದ ಸಗಟು ಖರೀದಿಯನ್ನೇ ನಂಬಿದವರು ಹಣಕ್ಕಾಗಿ ಕಾಯಬೇಕು. ಆದರೆ ಮುದ್ರಣಾಲಯದವರಿಗೆ, ಬೈಂಡಿಂಗ್‌ನವರಿಗೆ ಯಾರೂ ಪುಸ್ತಕ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ನಷ್ಟದ ಪಾಲು ಲೇಖಕರಿಗೆ ಮಾತ್ರ ಏಕೆ?

ದಾರಿಗಳು ಇಲ್ಲದಿಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ಬೆಳೆಯಿತು: ಓದುಗರೇ ಮುಂಗಡ ಕೊಟ್ಟು ಪುಸ್ತಕಕ್ಕೆ ಆಸರೆಯಾದರು. ಪೂರ್ಣಚಂದ್ರ ತೇಜಸ್ವಿ ತಮ್ಮದೇ ಪುಸ್ತಕ ಪ್ರಕಾಶನ ಕಟ್ಟಿಕೊಂಡರು. ಅವರಿಗೆ ಕಾಫಿ ತೋಟದ ಆಸರೆಯಿತ್ತು. ಅದು ಎಲ್ಲರಿಗೂ ಇರುವುದಿಲ್ಲ.

ಇದ್ದೂ ಬಳಸದ ಆಸರೆಯೆಂದರೆ ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು, ಗೌರವಧನ ಎಷ್ಟೆಂದು ನಮೂದಾಗಿರಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷವೆಂದೇ ಅರ್ಥ. ಇಷ್ಟು ಸ್ಪಷ್ಟವಾಗಿದ್ದರೂ ಕಾಗದ ಕೇಳುವುದು ಸಂಕೋಚದ ವಿಷಯವಾಗಿದೆ. ದುಡ್ಡಿನ ಮಾತೆತ್ತಿದರೆ ಸರಸ್ವತಿಗೆ ಅಪಚಾರವೆಂಬಂತೆ ನಾವು ನಾಚುತ್ತೇವೆ.

ಈ ನಾಚಿಕೆಯನ್ನು ಮೊದಲು ಬಿಡಬೇಕು. ಒಂದು ಪುಟದ ಒಪ್ಪಂದ, ಎಷ್ಟು ಪ್ರತಿ ಅಚ್ಚಾಯಿತೆಂಬ ನಿಜವಾದ ಅಂಕಿ, ವರ್ಷಕ್ಕೊಮ್ಮೆ ಮಾರಾಟದ ಲೆಕ್ಕ: ಇಷ್ಟನ್ನು ಸಣ್ಣ ಪ್ರಕಾಶಕರೂ ಕೊಡಬಲ್ಲರು. ಕೊಡಿ ಎಂದು ಮೊದಲು ಕೇಳಬೇಕಾದವರು ಹೆಸರಾದ ಲೇಖಕರು. ಅವರನ್ನು ಬಿಟ್ಟುಕೊಡಲು ಪ್ರಕಾಶಕರಿಗೆ ಮನಸ್ಸಾಗದು. ಮೊದಲ ಪುಸ್ತಕದ ಹುಡುಗಿ ಕೇಳಿದರೆ ಹಸ್ತಪ್ರತಿಯೇ ವಾಪಸು ಬಂದೀತು.