ಉಗ್ಗುವ ಚಕ್ರವರ್ತಿಯೂ ಒಂದೇ ಭಾಷೆಯ ಸಾಮ್ರಾಜ್ಯವೂ

ರೋಮನ್ ಚಕ್ರವರ್ತಿಗಳನ್ನು ಕುರಿತ ದೃಶ್ಯನಾಟಕಗಳ ಚರ್ಚೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ: ಕಥೆ ಇತಿಹಾಸಕ್ಕೆ ಎಷ್ಟು ನಿಷ್ಠವಾಗಿದೆ, ಸಾಮ್ರಾಜ್ಯದ ವೈಭವ ಎಷ್ಟರಮಟ್ಟಿಗೆ ಮೂಡಿದೆ. ಆ ಲೋಕದಲ್ಲಿ ಯಾರು ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದರು ಎಂಬ ಪ್ರಶ್ನೆ ಅಪರೂಪ. ಬಿಬಿಸಿ 1976ರಲ್ಲಿ ಪ್ರಸಾರ ಮಾಡಿದ ‘ಐ, ಕ್ಲಾಡಿಯಸ್’ ಧಾರಾವಾಹಿಯನ್ನು ಈ ಪ್ರಶ್ನೆಯೊಂದಿಗೆ ಮತ್ತೆ ನೋಡುವುದು ಉಚಿತ. ಅದರ ನಾಯಕ ಮಾತಿನ ತೊಡಕಿನಿಂದ ನೊಂದವನು. ಹಾಗೆಯೇ ಭಾಷೆಗಳ ವಿದ್ವಾಂಸನೂ ಹೌದು.

ರಾಬರ್ಟ್ ಗ್ರೇವ್ಸ್‌ನ 1934 ಮತ್ತು 1935ರ ಎರಡು ಕಾದಂಬರಿಗಳನ್ನು ಜ್ಯಾಕ್ ಪುಲ್‌ಮನ್ ಚಿತ್ರಕಥೆಯಾಗಿಸಿದ. ಹರ್ಬರ್ಟ್ ವೈಸ್ ನಿರ್ದೇಶಿಸಿದ. ಯುದ್ಧಗಳಿಲ್ಲ, ಜನಸಾಗರವಿಲ್ಲ, ಎಲ್ಲವೂ ಸ್ಟುಡಿಯೋದ ಗೋಡೆಗಳ ನಡುವಿನ ಮಾತು. ಈ ಮಿತಿಯನ್ನೇ ಧಾರಾವಾಹಿ ಶಕ್ತಿಯಾಗಿಸಿಕೊಂಡಿದೆ. ಡೆರೆಕ್ ಜೇಕಬಿಯ ಕ್ಲಾಡಿಯಸ್‌ನಿಗೆ ಉಗ್ಗು ಕೇವಲ ದೈಹಿಕ ಊನವಲ್ಲ, ಬದುಕುಳಿಯುವ ಉಪಾಯ. ನಿರರ್ಗಳವಾಗಿ ಮಾತನಾಡುವವರೆಲ್ಲ ವಿಷಕ್ಕೋ ಕತ್ತಿಗೋ ಬಲಿಯಾಗುವ ಮನೆಯಲ್ಲಿ ಮೂರ್ಖನೆಂದು ಎಣಿಸಲ್ಪಟ್ಟವನು ಉಳಿಯುತ್ತಾನೆ. ಮಾತಿಗೂ ಅಧಿಕಾರಕ್ಕೂ ಇರುವ ನಂಟನ್ನು ಇಷ್ಟು ಸೂಕ್ಷ್ಮವಾಗಿ ಕಾಣಿಸಿದ ಚಕ್ರವರ್ತಿ-ಕಥನಗಳು ವಿರಳ.

ಆದರೆ ಆ ಸೂಕ್ಷ್ಮತೆ ವ್ಯಕ್ತಿಯ ನಾಲಿಗೆಯಲ್ಲೇ ನಿಲ್ಲುತ್ತದೆ. ಸಾಮ್ರಾಜ್ಯದ ನಾಲಿಗೆಗಳಿಗೆ ದಾಟುವುದಿಲ್ಲ. ಚರಿತ್ರೆಯ ಕ್ಲಾಡಿಯಸ್ ಹುಟ್ಟಿದ್ದು ಇಟಲಿಯಲ್ಲಲ್ಲ, ಗಾಲ್ ಪ್ರದೇಶದ ಇಂದಿನ ಲಿಯೋನ್‌ನಲ್ಲಿ. ಅವನು ಎಟ್ರುಸ್ಕನ್ನರ ಚರಿತ್ರೆಯನ್ನು 20 ಸಂಪುಟಗಳಲ್ಲೂ ಕಾರ್ತೇಜಿನ ಚರಿತ್ರೆಯನ್ನು 8 ಸಂಪುಟಗಳಲ್ಲೂ ಗ್ರೀಕ್ ಭಾಷೆಯಲ್ಲಿ ಬರೆದನೆಂದು ಸ್ಯುಟೋನಿಯಸ್ ದಾಖಲಿಸಿದ್ದಾನೆ. ಅವು ಯಾವುವೂ ಉಳಿದಿಲ್ಲ. ಲ್ಯಾಟಿನ್ ಲಿಪಿಗೆ ಅವನು ಸೇರಿಸಿದ 3 ಅಕ್ಷರಗಳು ಅವನ ಆಳ್ವಿಕೆಯ ಬಳಿಕ ಬಳಕೆ ತಪ್ಪಿದವು. ಗ್ರೀಕ್ ಮತ್ತು ಲ್ಯಾಟಿನ್‌ಗಳನ್ನು ‘ನಮ್ಮ ಎರಡು ಭಾಷೆಗಳು’ ಎಂಬ ಅರ್ಥದಲ್ಲಿ ಕರೆದವನೂ ಅವನೇ. ಲ್ಯಾಟಿನ್ ಅರ್ಥವಾಗದ ಲಿಸಿಯಾ ಪ್ರಾಂತದವನೊಬ್ಬನ ರೋಮನ್ ಪೌರತ್ವವನ್ನು ಕಿತ್ತುಕೊಂಡವನೂ ಅವನೇ ಎಂದು ಕ್ಯಾಸಿಯಸ್ ಡಿಯೋ ಹೇಳುತ್ತಾನೆ. ಸತ್ತ ಭಾಷೆಯ ಮೇಲಿನ ವಿದ್ವತ್ಪ್ರೀತಿ, ಬದುಕಿರುವ ಅನ್ಯಭಾಷಿಕನ ಮೇಲಿನ ಕಾಠಿಣ್ಯ ಒಬ್ಬನಲ್ಲೇ ಇರಬಲ್ಲವೆಂಬುದು ಅರಮನೆಯ ಯಾವ ವಿಷಪ್ರಯೋಗಕ್ಕಿಂತಲೂ ನಾಟಕೀಯವಾದ ವಸ್ತು. ಧಾರಾವಾಹಿಯ ಗಮನ ಅತ್ತ ಹರಿಯಲಿಲ್ಲ. ಅಲ್ಲಿ ಸೆರೆಯಾಳಾಗಿ ಬಂದ ಬ್ರಿಟನ್ನಿನ ನಾಯಕ ಕ್ಯಾರಕ್ಟಕಸ್ ಕೂಡ ತನ್ನನ್ನು ಗೆದ್ದವರ ಇಂಗ್ಲಿಷನ್ನೇ ಸುಲಲಿತವಾಗಿ ಆಡುತ್ತಾನೆ.

ಈ ದೋಷವನ್ನು ದೂರದರ್ಶನದ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಅದೇ ನಾಯಕನ ಬಾಯಲ್ಲಿ ಸೊಗಸಾದ ಲ್ಯಾಟಿನ್ ಭಾಷಣವನ್ನಿಟ್ಟವನು ಟ್ಯಾಸಿಟಸ್. ಕ್ರಿ.ಶ. 48ರಲ್ಲಿ ಗಾಲ್ ಮುಖಂಡರಿಗೆ ಸೆನೆಟ್ ಪ್ರವೇಶ ಕೊಡುವ ಪರವಾಗಿ ಕ್ಲಾಡಿಯಸ್ ಮಾಡಿದ ಭಾಷಣಕ್ಕೂ ಇದೇ ಗತಿ ಒದಗಿತು. 1528ರಲ್ಲಿ ಲಿಯೋನ್‌ನಲ್ಲಿ ದೊರೆತ ಕಂಚಿನ ಫಲಕದಲ್ಲಿ ಆ ಭಾಷಣ ದಾರಿ ತಪ್ಪುತ್ತ ಸಾಗುತ್ತದೆ. ರೋಮಿನ ಅರಸ ಸರ್ವಿಯಸ್ ಟುಲ್ಲಿಯಸ್‌ನನ್ನು ಎಟ್ರುಸ್ಕನ್ನರು ಮಸ್ತಾರ್ನ ಎಂದು ಕರೆಯುತ್ತಿದ್ದರೆಂಬ ವಿವರವೂ ಅಲ್ಲಿದೆ. ಟ್ಯಾಸಿಟಸ್ ಭಾಷಣವನ್ನು ಅಚ್ಚುಕಟ್ಟುಗೊಳಿಸಿದ. ಆ ಅಚ್ಚುಕಟ್ಟಿನಲ್ಲಿ ಎಟ್ರುಸ್ಕನ್ ಹೆಸರು ಬಿದ್ದುಹೋಯಿತು.

ಭಿನ್ನ ದಾರಿ ಸಾಧ್ಯವೆಂಬುದಕ್ಕೆ 2020ರ ಜರ್ಮನ್ ಸರಣಿ ‘ಬಾರ್ಬೇರಿಯನ್ಸ್’ ಸಾಕ್ಷಿ. ಕ್ರಿ.ಶ. 9ರ ಟ್ಯೂಟೊಬರ್ಗ್ ಕಾಳಗ ಅದರ ವಸ್ತು. ‘ಐ, ಕ್ಲಾಡಿಯಸ್’ನಲ್ಲಿ ಆ ಸೋಲು ಅಗಸ್ಟಸ್‌ನ ಆಕ್ರಂದನವಾಗಿ ಮಾತ್ರ ಕೇಳಿಸುತ್ತದೆ. ಇಲ್ಲಿಯಾದರೋ ರೋಮನ್ನರು ಲ್ಯಾಟಿನ್ ಆಡುತ್ತಾರೆ, ಬುಡಕಟ್ಟುಗಳು ಇಂದಿನ ಜರ್ಮನ್ ಆಡುತ್ತವೆ. ಎರಡನ್ನೂ ಬಲ್ಲ ಆರ್ಮಿನಿಯಸ್ ನಡುವೆ ನಿಲ್ಲುತ್ತಾನೆ. ಭಾಷೆಯಿಂದ ಭಾಷೆಗೆ ದಾಟುವಾಗ ಅವನ ನಿಷ್ಠೆಯೂ ಪ್ರೇಕ್ಷಕನ ಕಣ್ಣೆದುರೇ ಹೊಯ್ದಾಡುತ್ತದೆ. ಇಲ್ಲಿಯೂ ತೊಡಕಿದೆ: ಆಳುವವರ ಭಾಷೆಗೆ ಪ್ರಾಚೀನತೆಯ ಪರಕೀಯತೆ ಸಿಕ್ಕಿದರೆ, ಬುಡಕಟ್ಟುಗಳ ಭಾಷೆ ಇಂದಿನ ಜರ್ಮನ್ ಪ್ರೇಕ್ಷಕನ ಸ್ವಂತದ್ದಾಗಿಬಿಡುತ್ತದೆ. ಹಳೆಯ ಬುಡಕಟ್ಟುಗಳು ಹೀಗೆ ಆಧುನಿಕ ರಾಷ್ಟ್ರದ ಪೂರ್ವಜರಾಗುತ್ತಾರೆ. ನಟನೆಯ ಆಳದಲ್ಲಿ ಹಳೆಯ ಧಾರಾವಾಹಿಯೇ ಮೇಲು. ಆದರೆ ಸಾಮ್ರಾಜ್ಯ ಎಂಬುದು ಭಾಷೆಗಳ ಏಣಿಶ್ರೇಣಿ ಎಂಬ ತಿಳಿವು ಹೊಸದರಲ್ಲಿ ಹೆಚ್ಚು.

ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದಾಗಿರುವ ಗಡಿನೆಲದ ಓದುಗರಿಗೆ ಈ ವ್ಯತ್ಯಾಸ ಬರಿಯ ಶೈಲಿಯ ಸಂಗತಿಯಾಗಲಾರದು. ದುಭಾಷಿಯಿಲ್ಲದ ಸಾಮ್ರಾಜ್ಯವನ್ನು ತೆರೆಯ ಮೇಲೆ ಕಂಡಾಗ, ಅರ್ಥವಾಗದ ಪ್ರಶ್ನೆಯ ಮುಂದೆ ಪೌರತ್ವ ಕಳೆದುಕೊಂಡು ನಿಂತ ಆ ಲಿಸಿಯಾದವನು ಎಲ್ಲಿ ಹೋದನೆಂದು ನಾವು ಕೇಳಬೇಕು. ಕ್ಲಾಡಿಯಸ್‌ನ ಉಗ್ಗಿಗೆ ಧಾರಾವಾಹಿ ತೋರಿದ ಕರುಣೆಯಲ್ಲಿ ಅವನಿಗೂ ಒಂದು ಪಾಲು ಸಲ್ಲಬೇಕಿತ್ತು.