ಹೊಂಡದ ಮೆಟ್ಟಿಲು ಎಣಿಸುವವರಿಗೆ ಒಂದು ಕರಪತ್ರ

ಪ್ರವಾಸಿ ಕರಪತ್ರವನ್ನು ಸಾಹಿತ್ಯ ವಿಮರ್ಶೆಗೆ ಒಳಪಡಿಸುವುದು ಕೆಲವರಿಗೆ ತಮಾಷೆಯಾಗಿ ಕಾಣಬಹುದು. ಆದರೆ ಹಳ್ಳಿಯ ಶಾಲೆಯ ಮಗುವಿಗೆ ಪಠ್ಯಪುಸ್ತಕ ಬಿಟ್ಟು ಬೇರೆ ಅಚ್ಚಾದ ಕಾಗದ ಸಿಗುವುದು ಎಷ್ಟು ಸಲ? ಜಾತ್ರೆಯ ಹ್ಯಾಂಡ್‌ಬಿಲ್ಲು, ಮದುವೆಯ ಕಾರ್ಡು, ಪ್ರವಾಸ ಹೋದಲ್ಲಿ ಯಾರೋ ಕೈಗಿಟ್ಟ ಕರಪತ್ರ. ಪರೀಕ್ಷೆಯ ಹೊರಗೂ ಓದು ಉಪಯೋಗಕ್ಕೆ ಬರುತ್ತದೆ ಎಂದು ಮಗುವಿಗೆ ತಿಳಿಯುವುದು ಇಂಥ ಕಾಗದಗಳಿಂದ. ಹಾಗಾಗಿ ಅವುಗಳ ಭಾಷೆ ಹೇಗಿದೆ, ನಕ್ಷೆ ಹೇಗಿದೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ ಎಂದು ನಾನು ತಿಳಿದಿದ್ದೇನೆ.

ಸಾಸ್ವೆಹಳ್ಳಿಯನ್ನು ನಡುವಿಟ್ಟುಕೊಂಡು ನೋಡೋಣ. ಹೊನ್ನಾಳಿ ತಾಲ್ಲೂಕಿನ ಈ ಹೋಬಳಿ ಊರು ಪತ್ರಿಕೆ ಓದುವವರಿಗೆ ಗೊತ್ತಿರುವುದು ಏತ ನೀರಾವರಿ ಯೋಜನೆಯಿಂದ. ನಾನು ನೋಡಿದ ಪ್ರವಾಸಿ ನಕ್ಷೆಗಳಲ್ಲಿ ಅದು ಒಂದು ಚುಕ್ಕಿಯೂ ಅಲ್ಲ. ಆದರೆ ಇಲ್ಲಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟರಲ್ಲಿ ನೋಡಬಹುದಾದ ಜಾಗಗಳು ಸಣ್ಣವೇನಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಸಂತೇಬೆನ್ನೂರಿನ ಪುಷ್ಕರಣಿ, ಇನ್ನೂ ದೂರ ಹೋದರೆ ಜಗಳೂರು ಕಡೆಯ ರಂಗಯ್ಯನದುರ್ಗದ ಕೊಂಡುಕುರಿ ಕಾಡು. ಇವುಗಳನ್ನು ಮಕ್ಕಳಿಗೆ ಹೇಳುವುದು ಹೇಗೆ?

ನಮ್ಮ ಕರಪತ್ರಗಳ ವಾಕ್ಯದ ಅಚ್ಚು ಎಲ್ಲರಿಗೂ ಗೊತ್ತು. ಐತಿಹಾಸಿಕ ಹಿನ್ನೆಲೆಯುಳ್ಳ, ನಿಸರ್ಗ ಸೌಂದರ್ಯದಿಂದ ಕಂಗೊಳಿಸುವ ಈ ಸ್ಥಳವು ಪ್ರವಾಸಿಗರನ್ನು ಕೈಬೀಸಿ ಕರೆಯುತ್ತದೆ. ಈ ವಾಕ್ಯದಲ್ಲಿ ಸೂಳೆಕೆರೆಯನ್ನು ತೆಗೆದು ಬೇರೆ ಯಾವ ಕೆರೆಯನ್ನಿಟ್ಟರೂ ಏನೂ ಕೆಡುವುದಿಲ್ಲ. ಅದೇ ಅದರ ದೋಷ. ಕೆರೆಯ ಬಗ್ಗೆ ‘ಏಷ್ಯಾದಲ್ಲೇ ಎರಡನೆಯ ದೊಡ್ಡದು’ ಎಂಬ ಮಾತೂ ತಪ್ಪದೆ ಬರುತ್ತದೆ. ಮಗು ಕೂಡಲೇ ಕೇಳುತ್ತದೆ: ಮೊದಲನೆಯದು ಯಾವುದು? ಕರಪತ್ರ ಸುಮ್ಮನಿರುತ್ತದೆ. ಇದರ ಬದಲು, ಈ ಕೆರೆಗೆ ಎರಡು ತೂಬುಗಳಿವೆ, ಒಂದರ ಹೆಸರು ಸಿದ್ದ, ಇನ್ನೊಂದರ ಹೆಸರು ಬಸವ ಎಂದು ಬರೆಯಬಹುದು. ಇಲ್ಲಿಯ ನೀರು ಚಿತ್ರದುರ್ಗದ ನಲ್ಲಿಗಳಲ್ಲಿ ಬರುತ್ತದೆ ಎನ್ನಬಹುದು. ಮನುಷ್ಯರ ಹೆಸರಿರುವ ತೂಬನ್ನು ಹುಡುಕದೆ ಯಾವ ಮಗುವೂ ಏರಿ ಇಳಿಯುವುದಿಲ್ಲ.

ಹೆಸರಿನ ಪ್ರಶ್ನೆ ಇನ್ನೂ ಗಂಭೀರವಾದದ್ದು. ಅಚ್ಚಿನಲ್ಲಿ ‘ಶಾಂತಿಸಾಗರ’, ಜನರ ಬಾಯಲ್ಲಿ ‘ಸೂಳೆಕೆರೆ’. ಎರಡರ ನಡುವೆ ಸಿಕ್ಕ ಮಗು ಕೇಳಿದರೆ ದೊಡ್ಡವರು ಮಾತು ತಿರುಗಿಸುತ್ತಾರೆ. ಕೆರೆ ಕಟ್ಟಿಸಿದ ಶಾಂತವ್ವನ ಕಥೆಗೆ ಹಲವು ರೂಪಗಳಿವೆ. ಒಂದು ರೂಪದಲ್ಲಿ, ಕೆರೆಗೆ ಬೇಕಾದ ನೆಲ ವೇಶ್ಯೆಯರದು. ನೆಲ ಬಿಟ್ಟುಕೊಡಲು ಅವರು ಕೇಳಿದ್ದು ಕೆರೆಗೆ ತಮ್ಮ ಹೆಸರು ಉಳಿಯಬೇಕೆಂದು. ‘ಊರು ಕೀಳಾಗಿ ಕಂಡ ಹೆಂಗಸರು ತಮ್ಮ ನೆಲ ಕೊಟ್ಟರು, ಬದಲಿಗೆ ಹೆಸರು ಕೇಳಿದರು’ ಎಂದು ಹತ್ತು ವರ್ಷದ ಮಗುವಿಗೆ ಹೇಳಲು ಬರುತ್ತದೆ. ಮಗುವಿಗೆ ಅರ್ಥವಾಗದು ಎಂಬ ನೆಪದಲ್ಲಿ ನಾವು ಮುಚ್ಚುವುದು ನಮ್ಮದೇ ಮುಜುಗರವನ್ನು. ಕಥೆಯ ಪ್ರಕಾರ ಆ ಹೆಂಗಸರು ಕೇಳಿದ ಬೆಲೆ ಹೆಸರೊಂದೇ. ಅದನ್ನು ಅಳಿಸುವ ಕರಪತ್ರ ಕೊಟ್ಟ ಮಾತನ್ನು ಮುರಿದಂತೆ.

ಸಂತೇಬೆನ್ನೂರಿಗೆ ಬನ್ನಿ. ಪಾಳೆಯಗಾರ ಹನುಮಪ್ಪ ನಾಯಕನ ಕಾಲದ ಹೊಂಡ, ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿಗೆ ಸೇರಿದ ಮುಸಾಫಿರ್‌ಖಾನಾ. ಸಂರಕ್ಷಿತ ಸ್ಮಾರಕಗಳ ಮುಂದಿರುವ ನೀಲಿ ಫಲಕವನ್ನು ನೀವು ನೋಡಿರುತ್ತೀರಿ: 1958ರ ಕಾಯ್ದೆ, ಹಾಳುಗೆಡವಿದರೆ ಸೆರೆವಾಸ, ದಂಡ. ಕಾನೂನು ಬೇಕು, ನಿಜ. ಆದರೆ ಜಾಗ ಮಗುವಿನೊಡನೆ ಆಡುವ ಮೊದಲ ಮಾತೇ ಶಿಕ್ಷೆಯದಾಗುತ್ತದೆ. ‘ನೀರಿನ ಕೆಳಗೂ ಮೆಟ್ಟಿಲುಗಳಿವೆ, ಪಾಚಿ ಜಾರುತ್ತದೆ, ಕಾಣುವ ಮೆಟ್ಟಿಲ ಮೇಲೆಯೇ ನಿಲ್ಲಿ’ ಎಂಬ ಎಚ್ಚರಿಕೆಯಲ್ಲಿ ಕಾರಣ ಇದೆ. ಕಾರಣ ಗೊತ್ತಾದ ಮಗು ತಮ್ಮನನ್ನೂ ಹಿಡಿದು ನಿಲ್ಲಿಸುತ್ತದೆ. ಮಂಟಪಗಳು ಎಷ್ಟು ಎಂಬುದನ್ನು ಮಾತ್ರ ಕರಪತ್ರ ಹೇಳಬಾರದು. ಒಂದು ಖಾಲಿ ಚೌಕ ಬಿಟ್ಟು ಪೆನ್ಸಿಲಿಗೆ ಕೆಲಸ ಕೊಡಬೇಕು.

ಅಕ್ಷರದ ಮಾತೂ ಇದೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅಕ್ಷರ ಚಿಕ್ಕದು ಮಾಡಿ, ಸಾಲುಗಳನ್ನು ಒತ್ತಾಗಿ ಕೂರಿಸಿ, ಹಿಂದೆ ಬಣ್ಣದ ಫೋಟೊ ಹಾಕಿದರೆ ಮೊದಲು ಕಾಣೆಯಾಗುವುದು ಒತ್ತು. ಆಗಷ್ಟೇ ಓದು ಕಲಿತ ಮಗು ಅಲ್ಲೇ ನಿಲ್ಲುತ್ತದೆ. ‘ಪ್ರೇಕ್ಷಣೀಯ’, ‘ಪುಷ್ಕರಣಿ’ ಎಂಬ ಪದಗಳಿಗಿಂತ ‘ನೋಡುವ ಜಾಗ’, ‘ಹೊಂಡ’ ಸಾಕು. ಸ್ಮಾರಕಗಳ ಪಟ್ಟಿಯಲ್ಲೂ ಅದು ಹೊಂಡವೇ. ನಗುವ ಆನೆಯ ಕಾರ್ಟೂನು ಹಾಕಿ, ಪಕ್ಕದಲ್ಲಿ ಗೆಜೆಟಿಯರಿನ ಗದ್ಯವನ್ನೇ ಅಚ್ಚು ಮಾಡಿದರೆ ಅದು ಮಕ್ಕಳ ಕರಪತ್ರವಾಗುವುದಿಲ್ಲ.

ಇನ್ನು ನಕ್ಷೆ. 1933ರಲ್ಲಿ ಅಚ್ಚಾದ ಲಂಡನ್ನಿನ ಸುರಂಗ ರೈಲಿನ ನಕ್ಷೆಯನ್ನು ಬರೆದಾಗ ಹ್ಯಾರಿ ಬೆಕ್ ನಿಜವಾದ ದೂರಗಳನ್ನು ಬಿಟ್ಟು, ಯಾವ ನಿಲ್ದಾಣದ ನಂತರ ಯಾವುದು ಎಂಬುದನ್ನು ಉಳಿಸಿಕೊಂಡ. ನಮ್ಮ ಮಕ್ಕಳಿಗೆ ಇದು ಹೊಸದಲ್ಲ. ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಗೀಚುವಾಗ, ಹಾವು ಏಣಿಯ ಹಲಗೆ ಹರಡುವಾಗ ಅವರು ಕ್ರಮವನ್ನೇ ಓದುತ್ತಾರೆ. ಸಾಸ್ವೆಹಳ್ಳಿಯ ಬಸ್‌ಸ್ಟ್ಯಾಂಡೇ ಒಂದನೆಯ ಮನೆಯಾಗಿ, ದಾರಿಯ ಕಾಲುವೆ, ಅಡಿಕೆ ತೋಟ, ಕೆರೆಯ ಏರಿ ಒಂದೊಂದು ಮನೆಯಾಗುವ ನಕ್ಷೆ ಮಾಡಬಹುದು. ತನ್ನ ಊರಿನಿಂದ ಶುರುವಾಗುವ ನಕ್ಷೆ ನೋಡಿದ ಮಗುವಿಗೆ ತನ್ನ ಊರೂ ಲೆಕ್ಕಕ್ಕಿದೆ ಎಂದು ತಿಳಿಯುತ್ತದೆ. ಆದರೆ ಬೆಕ್‌ನ ದಾರಿಗೆ ಮಿತಿ ಇದೆ. ಹೊಂಡದ ಆಳ, ಬಿಸಿಲಲ್ಲಿ ನಡೆಯಬೇಕಾದ ದೂರ, ಕುಡಿಯುವ ನೀರು ಮತ್ತು ಶೌಚಾಲಯ ಇರುವ ಜಾಗ ಇವುಗಳಲ್ಲಿ ನಕ್ಷೆ ಆಟ ಆಡಬಾರದು.

ಕೊಂಡುಕುರಿ ಕಾಡಿನದು ಬೇರೆ ಕಷ್ಟ. ನಾಲ್ಕು ಕೊಂಬಿನ ಈ ನಾಚಿಕೆಯ ಪ್ರಾಣಿ ಹೋದವರಿಗೆಲ್ಲ ಕಾಣುವುದಿಲ್ಲ. ಮುಖಪುಟದಲ್ಲಿ ಅದರ ದೊಡ್ಡ ಚಿತ್ರ ಹಾಕಿದರೆ ಮಗು ಮೋಸಹೋದಂತೆ ವಾಪಸಾಗುತ್ತದೆ. ಕೊಂಬು ಗಂಡಿಗೆ ಮಾತ್ರ; ಹಿಕ್ಕೆ ಹಾಕಲು ಅದು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಹಿಕ್ಕೆಯ ಗುಡ್ಡೆ ಹುಡುಕಿ ಎಂದು ಹೇಳುವ ಕರಪತ್ರ ಪ್ರಾಮಾಣಿಕವಾದದ್ದು, ಮಕ್ಕಳಿಗೆ ನಗುವನ್ನೂ ಕೊಡುವಂಥದ್ದು.

ಇದಕ್ಕೆಲ್ಲ ಖರ್ಚು ಎಲ್ಲಿಂದ ಎನ್ನುವವರಿದ್ದಾರೆ. ಒಂದೇ ಬಣ್ಣದಲ್ಲಿ, ದಪ್ಪ ಗೆರೆಯಲ್ಲಿ ಅಚ್ಚು ಮಾಡಿದರೆ ಸಾಕು, ಬಣ್ಣವನ್ನು ಮಕ್ಕಳೇ ತುಂಬುತ್ತಾರೆ. ಇಂಥ ಕಾಗದದ ಗುಣ ನೋಡಲು ನಾನು ಬಳಸುವ ಅಳತೆ ಒಂದೇ. ಅದು ಹೊಂಡದ ಮೆಟ್ಟಿಲ ಮೇಲೆ ಮಂಡಕ್ಕಿಯ ಪೊಟ್ಟಣವಾಗಿ ಬಿತ್ತೋ, ಇಲ್ಲ ಜೇಬಿನಲ್ಲಿ ಮಡಚಿಕೊಂಡು ಮನೆಗೆ ಬಂತೋ? ಮನೆಗೆ ಬಂದರೆ ಅಜ್ಜಿಗೆ ಓದಿ ಹೇಳುವ ಕೆಲಸ ಇರುತ್ತದೆ. ಶಾಂತವ್ವನ ಕಥೆ ಹಾಗಲ್ಲ, ಹೀಗೆ ಎಂದು ಅಜ್ಜಿ ತಿದ್ದುವುದೂ ಇರುತ್ತದೆ.