ಬತ್ತದ ಸಮುದ್ರ: ವಿಲ್ಕ್ಸನ ಗ್ರಂಥದಲ್ಲಿ ಹೈದರನ ಒಂದು ಮಾತು

ಮಾರ್ಕ್ ವಿಲ್ಕ್ಸನ ಮೈಸೂರು ಚರಿತ್ರೆಯು ಇಂಗ್ಲಿಷಿನಲ್ಲಿ ರಚಿತವಾದ ಗ್ರಂಥ. ಆದರೂ ಅದರೊಳಗಿನ ಒಂದು ಮಾತು ಕನ್ನಡದಲ್ಲಿಯೇ ಹುಟ್ಟಿತೋ ಎಂಬಂತೆ ನಮ್ಮ ನಾಡಿನಲ್ಲಿ ನೆಲೆಗೊಂಡಿದೆ. ಇಂಗ್ಲಿಷರಿಗೆ ನೆಲದ ಮೇಲಿರುವ ಬಲವನ್ನೆಲ್ಲ ತಾನು ಹಾಳುಗೆಡಹಬಲ್ಲೆನು, ಆದರೆ ಸಮುದ್ರವನ್ನು ಬತ್ತಿಸಲಾರೆನು ಎಂದು ಹೈದರನು ಪೂರ್ಣಯ್ಯನೊಡನೆ ಹೇಳಿಕೊಂಡನೆಂಬುದೇ ಆ ಮಾತು. ಮೈಸೂರಿನ ಪತನವನ್ನು ಕುರಿತು ಮಾತನಾಡುವವರಲ್ಲಿ ಇದನ್ನು ಎತ್ತಿ ಹೇಳದವರು ವಿರಳ. ಹೇಳಿದೊಡನೆ ಕೇಳುವವರು ತಲೆದೂಗುವರು. ವಿಚಾರವು ಅಲ್ಲಿಗೇ ಮುಗಿಯುವುದು. ಸಮುದ್ರವು ಇಂಗ್ಲಿಷರದು, ಆದುದರಿಂದ ನೆಲವೂ ಅವರದಾಯಿತು ಎಂಬ ವಿಧಿವಾದಕ್ಕೆ ಹೈದರನೇ ಸಾಕ್ಷಿ ನುಡಿದಂತಾಯಿತು. ಮೂಲದಲ್ಲಿ ಆ ಮಾತು ಇಷ್ಟು ಸುಲಭವಾಗಿ ಈ ಅರ್ಥಕ್ಕೆ ಒಗ್ಗುವುದೇ ಎಂಬುದು ವಿಚಾರಾರ್ಹವಾಗಿದೆ.

ಗ್ರಂಥದ ಮೊದಲನೆಯ ಸಂಪುಟವು 1810ರಲ್ಲಿಯೂ ಉಳಿದೆರಡು 1817ರಲ್ಲಿಯೂ ಪ್ರಕಟವಾದುವು. ಮರ್ರೆ ಹ್ಯಾಮಿಕ್ಕನು ಟಿಪ್ಪಣಿಗಳೊಡನೆ ಸಿದ್ಧಪಡಿಸಿದ ಆವೃತ್ತಿಯು 1930ರಲ್ಲಿ ಮೈಸೂರಿನಲ್ಲಿಯೇ ಅಚ್ಚಾಯಿತು. ವಿಲ್ಕ್ಸನು ಶತ್ರುಪಕ್ಷದವನಾಗಿದ್ದೂ ಹೈದರನನ್ನು ಮನುಷ್ಯನನ್ನಾಗಿ ಕಾಣಬಲ್ಲ ಲೇಖಕ. ಟೀಪುವಿನ ವಿಷಯದಲ್ಲಿ ಅವನಿಗೆ ಆ ಸಮಚಿತ್ತವಿಲ್ಲ. ಅದು ಬೇರೆ ಮಾತು. ಹೈದರನ ಈ ಸ್ವಗತಪ್ರಾಯವಾದ ನುಡಿಯಲ್ಲಿ ಅವನ ಶಕ್ತಿಯು ಚೆನ್ನಾಗಿ ಕಾಣುತ್ತದೆ. ಅದು ಸಮುದ್ರದಿಂದ ಆರಂಭವಾಗುವುದಿಲ್ಲ, ಸೇಂದಿಯಿಂದ ಆರಂಭವಾಗುತ್ತದೆ. ಲಕ್ಷ ವರಹ ತೆತ್ತು ಒಂದು ಗುಟುಕು ಈಚಲ ಹೆಂಡವನ್ನು ಕೊಂಡುಕೊಂಡಂತಾಯಿತೆಂದು ಹೈದರನು ತನ್ನನ್ನೇ ಹಳಿದುಕೊಳ್ಳುತ್ತಾನೆ. ಈಚಲ ಮರಗಳನ್ನು ಕಂಡು ಬೆಳೆದ ಈ ಸೀಮೆಯ ವಾಚಕರಿಗೆ ಆ ಉಪಮೆಯ ಕಟುತ್ವವನ್ನು ವಿವರಿಸಬೇಕಾದುದಿಲ್ಲ. ಮನಸ್ತಾಪಕ್ಕೆ ಎರಡು ಕಡೆಯೂ ಕಾರಣಗಳಿದ್ದುವು, ಯುದ್ಧಕ್ಕೆ ಸಾಕಾಗುವಷ್ಟು ಇರಲಿಲ್ಲ. ಮನಸ್ಸು ಮಾಡಿದ್ದರೆ ಇಂಗ್ಲಿಷರನ್ನು ಸ್ನೇಹಿತರನ್ನಾಗಿ ಮಾಡಿಕೊಳ್ಳಬಹುದಾಗಿತ್ತು ಎಂದು ಮುಂದುವರಿಯುತ್ತಾನೆ. ಆ ಮೇಲೆ ಬೇಯ್ಲಿ, ಬ್ರೇತ್‌ವೇಟ್ ಮೊದಲಾದವರನ್ನು ಎಷ್ಟು ಮಂದಿಯನ್ನು ಸೋಲಿಸಿದರೂ ಅವರು ನಾಶವಾಗರೆಂಬ ಮಾತು. ಅದರ ಬೆನ್ನಿಗೇ ಸಮುದ್ರ. ಇದು ತನ್ನ ಲೆಕ್ಕ ತಪ್ಪಿತೆಂದು ಕಂಡುಕೊಂಡ ವ್ಯವಹಾರಜ್ಞನ ಪಶ್ಚಾತ್ತಾಪವೇ ಹೊರತು ವಿಧಿಗೆ ತಲೆಬಾಗಿದವನ ಉದ್ಗಾರವಲ್ಲ. ಕೊನೆಯ ತುಂಡನ್ನು ಮಾತ್ರ ಕಿತ್ತು ತಂದವರು ಹೆಂಡವನ್ನು ಬಿಟ್ಟು ಕಡಲನ್ನು ಉಳಿಸಿಕೊಂಡರು.

ಕಾಲನಿರ್ಣಯದಿಂದ ಇನ್ನೊಂದು ಸಂಗತಿಯು ಹೊರಡುತ್ತದೆ. ಬೇಯ್ಲಿಯು ಪೊಲ್ಲಿಲೂರಿನಲ್ಲಿ ಸೋತುದು 1780ರ ಸೆಪ್ಟೆಂಬರಿನಲ್ಲಿ. ಬ್ರೇತ್‌ವೇಟನು ಟೀಪುವಿಗೆ ಸೆರೆಸಿಕ್ಕಿದುದು 1782ರ ಫೆಬ್ರವರಿಯಲ್ಲಿ. ಆದಕಾರಣ ಮಾತು ಅದಕ್ಕೆ ಈಚಿನದಾಗಿರಬೇಕು. ಆದರೆ ಅದೇ ಫೆಬ್ರವರಿ 17ರಂದು ಸದರಾಸಿನ ಎದುರು ಫ್ರೆಂಚ್ ನೌಕಾಧಿಪತಿ ಸಫ್ರೆನನು ಇಂಗ್ಲಿಷ್ ನೌಕಾಧಿಪತಿ ಹ್ಯೂಸನೊಡನೆ ಮೊದಲನೆಯ ಕಾಳಗವನ್ನು ಮಾಡಿದ್ದನು. ಮಾರ್ಚಿಯಲ್ಲಿ ಫ್ರೆಂಚ್ ಸೈನ್ಯವು ಪರಂಗಿಪೇಟೆಯಲ್ಲಿ ಇಳಿಯಿತು. ಜುಲೈಯಲ್ಲಿ ಸಫ್ರೆನನು ಕಡಲೂರಿನ ಬಳಿ ಹೈದರನನ್ನು ಕಂಡು ಮಾತನಾಡಿದನು. ಆಗಸ್ಟಿನ ಕೊನೆಗೆ ತ್ರಿಂಕೋಮಲಿಯು ಫ್ರೆಂಚರ ವಶವಾಯಿತು. ಎಂದರೆ, ಸಮುದ್ರವು ಇಂಗ್ಲಿಷರ ಸ್ವತ್ತೆಂದು ಎಣಿಸಲು ಆ ವರ್ಷಕ್ಕಿಂತ ಅಯೋಗ್ಯವಾದ ವರ್ಷವಿರಲಿಲ್ಲ. ಈ ಇಬ್ಬರೂ ಹೂಡಿದ ಐದು ಕಾಳಗಗಳಲ್ಲಿ ಯಾರೂ ಎದುರಾಳಿಯ ಒಂದು ದೊಡ್ಡ ಯುದ್ಧನೌಕೆಯನ್ನಾದರೂ ಸೆರೆಹಿಡಿಯಲಿಲ್ಲ. ತಕ್ಕಡಿಯು ತೂಗುತ್ತಲೇ ಇದ್ದಿತು.

ಐದನೆಯ ಕಾಳಗವು ಕಡಲೂರಿನ ಮುಂದೆ 1783ರ ಜೂನ್ 20ರಂದು ನಡೆಯಿತು. ಹೈದರನು ಹಿಂದಿನ ಡಿಸೆಂಬರ್ 7ರಂದೇ ತೀರಿಕೊಂಡಿದ್ದನು. ಊರೊಳಗೆ ಬುಸ್ಸಿಯ ಸೈನ್ಯ. ಹೊರಗೆ ನೆಲದ ಮೇಲೆ ಜನರಲ್ ಸ್ಟುಅರ್ಟನ ಮುತ್ತಿಗೆ. ಕಡಲಲ್ಲಿ ಹ್ಯೂಸನ 18 ಹಡಗುಗಳು. ಸಫ್ರೆನನು ಬುಸ್ಸಿಯ ಸಿಪಾಯಿಗಳನ್ನೇ ಹಡಗಿಗೆ ಹತ್ತಿಸಿಕೊಂಡು 15 ಹಡಗುಗಳೊಡನೆ ಹೋರಿದನು. ಹ್ಯೂಸನು ಮದರಾಸಿಗೆ ಹಿಮ್ಮೆಟ್ಟಿದನು. ಮುತ್ತಿಗೆ ಹಾಕಿದ್ದವರಿಗೆ ಕಡಲಿನಿಂದ ಬರುತ್ತಿದ್ದ ಸಾಮಗ್ರಿಯು ನಿಂತು, ಮುತ್ತಿದವರೇ ಮುತ್ತಿಗೆಗೆ ಒಳಗಾಗುವ ಸ್ಥಿತಿ ಬಂದಿತು. ಆಗ ಯೂರೋಪಿನಿಂದ ಸಂಧಿಯ ವಾರ್ತೆ ಬಂದಿತು! ಫ್ರಾನ್ಸ್ ಮತ್ತು ಇಂಗ್ಲೆಂಡುಗಳ ಪ್ರಾಥಮಿಕ ಒಪ್ಪಂದಕ್ಕೆ ಜನವರಿ 20ರಂದೇ ರುಜು ಬಿದ್ದಿತ್ತು. ಗೆದ್ದ ಕಾಳಗವು ಸರಿಯಾಗಿ ಐದು ತಿಂಗಳು ತಡವಾಗಿದ್ದಿತು. ಬುಸ್ಸಿಯು ಕತ್ತಿಯನ್ನು ಒರೆಗೆ ಸೇರಿಸಿದನು. ಮಂಗಳೂರಿನ ಮುತ್ತಿಗೆಯಲ್ಲಿ ಟೀಪುವಿನ ಪಕ್ಕದಲ್ಲಿದ್ದ ಫ್ರೆಂಚರೂ ಹೊರಟುಹೋದರು. ಟೀಪುವು ಒಬ್ಬನೇ ಹಟಹಿಡಿದು 1784ರ ಜನವರಿಯಲ್ಲಿ ಆ ಕೋಟೆಯನ್ನು ಪಡೆದು, ಮಾರ್ಚ್ 11ರಂದು ಸಂಧಿಮಾಡಿಕೊಂಡನು. ಮೈಸೂರನ್ನು ಕೈಬಿಟ್ಟುದು ಸಮುದ್ರವಲ್ಲ, ಆ ಸಮುದ್ರದಾಚೆಯ ದೊರೆಗಳ ಅನುಕೂಲ. ಮಿತ್ರನ ಹಡಗು ಮಿತ್ರನ ಮಾತನ್ನೇ ಕೇಳುತ್ತದೆ.

ಹೈದರನಿಗೆ ಸ್ವಂತ ಹಡಗುಗಳಿರಲಿಲ್ಲವೇ ಎಂದರೆ, ಇದ್ದುವು. 1780ರ ಡಿಸೆಂಬರಿನಲ್ಲಿ ಇದೇ ಹ್ಯೂಸನು ಮಂಗಳೂರಿಗೆ ಬಂದು ರೇವಿನಲ್ಲಿಯೇ ಅವನ್ನು ನಾಶಮಾಡಿದನು. ಪೊಲ್ಲಿಲೂರಿನ ಜಯವಾಗಿ ಮೂರು ತಿಂಗಳೂ ಕಳೆದಿರಲಿಲ್ಲ. ಲಾವಣಿಕಾರನಿಗೆ ಜಯದ ಕಥೆಯು ಸಿಕ್ಕುವಷ್ಟು ಸುಲಭವಾಗಿ ಹಡಗು ಸುಟ್ಟ ಕಥೆಯು ಸಿಕ್ಕುವುದಿಲ್ಲ; ಆದರೆ ಚರಿತ್ರಕಾರನಾದವನು ಹೈದರನ ಮಾತಿನ ಪಕ್ಕದಲ್ಲಿ ಇಡಬೇಕಾದುದು ಈ ಸಂಗತಿಯನ್ನೇ.

ಇನ್ನು, ಮಾತು ಗ್ರಂಥಕ್ಕೆ ಬಂದ ದಾರಿ. ಕೇಳಿದವನು ಪೂರ್ಣಯ್ಯ, ಬರೆದವನು ವಿಲ್ಕ್ಸ್. 1799ರ ಅನಂತರ ಪೂರ್ಣಯ್ಯನು ದಿವಾನನಾಗಿದ್ದಾಗ ವಿಲ್ಕ್ಸನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದನು. ಕಥೆಯ ಕೊನೆಯು ಇಬ್ಬರಿಗೂ ತಿಳಿದಿತ್ತು. ಅಂತ್ಯವನ್ನು ಕಂಡವರ ನೆನಪಿನಲ್ಲಿ ಬೇಸರದ ನುಡಿಯು ಭವಿಷ್ಯವಾಣಿಯ ಕಳೆಯನ್ನು ಪಡೆಯುವುದು ಅಸಹಜವಲ್ಲ. ಹಾಗೆಂದು ಅದನ್ನು ಕಲ್ಪಿತವೆಂದು ತಳ್ಳಬೇಕಾಗಿಲ್ಲ. ಸೇಂದಿಯ ಉಪಮೆಯನ್ನು ಆಂಗ್ಲ ಅಧಿಕಾರಿಯು ತಾನಾಗಿ ಹುಟ್ಟಿಸಲಾರನು. ನಂಬತಕ್ಕ ಭಾಗವು ಜನರು ಮರೆತ ಭಾಗವೇ ಆಗಿರುವುದು ವಿಚಿತ್ರ.

ಮೂರನೆಯ ಯುದ್ಧವನ್ನು ನೋಡಿದರೆ ವಿಷಯವು ಮಾಗಡಿಯ ಬಾಗಿಲಿಗೇ ಬರುತ್ತದೆ. ಸಾವನದುರ್ಗವು 1791ರ ಡಿಸೆಂಬರ್ 21ರಂದು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯಕ್ಕೆ ಬಿದ್ದಿತು. ಕೆಂಪೇಗೌಡರ ವಂಶದಿಂದ 1728ರಲ್ಲಿ ಮೈಸೂರಿನವರಿಗೆ ಬಂದ ಆ ದುರ್ಗದ ಕಥೆಯನ್ನು ಹೇಳುವವರು ಬಂಡೆಯನ್ನೂ ಕಾಡನ್ನೂ ಫಿರಂಗಿಗಳನ್ನೂ ವರ್ಣಿಸುವರು. ತಲಚೇರಿಯ ಹೆಸರನ್ನು ಎತ್ತುವುದಿಲ್ಲ. ಒಂದು ತಿಂಗಳ ಹಿಂದೆ, ನವೆಂಬರಿನಲ್ಲಿ, ತಲಚೇರಿಯ ಮುಂದೆ ಇಂಗ್ಲಿಷರ ‘ಫೀನಿಕ್ಸ್’ ಹಡಗು ಫ್ರೆಂಚರ ‘ರೆಸೊಲ್ಯೂ’ವನ್ನು ತಡೆದು ಶೋಧನೆಗೆ ನಿಂತಿತು, ಗುಂಡು ಹಾರಿ, ಫ್ರೆಂಚ್ ಹಡಗು ಧ್ವಜವನ್ನಿಳಿಸಿತು. ಆಗ ಎರಡು ರಾಜ್ಯಗಳಿಗೂ ಯುದ್ಧವೇ ಇರಲಿಲ್ಲವೆಂಬುದು ಗಮನಾರ್ಹ. ಮಂಗಳೂರಿಗೆ ಟೀಪುವಿನ ಸಾಮಗ್ರಿ ಹೋಗದಂತೆ ಅಲ್ಲಿ ಕಾವಲಿದ್ದ ನೌಕಾಧಿಪತಿಯು ವಿಲಿಯಂ ಕಾರ್ನ್‌ವಾಲಿಸ್. ಸಾವನದುರ್ಗವನ್ನು ಹಿಡಿಸಿದವನ ತಮ್ಮ. ಕಾಳಗವು ಚಿಕ್ಕದು, ಅದೊಂದರಿಂದಲೇ ದುರ್ಗವು ಬಿದ್ದಿತೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಫ್ರೆಂಚ್ ಹಡಗು ಶೋಧನೆಯಿಲ್ಲದೆ ಮಂಗಳೂರನ್ನು ಮುಟ್ಟಲಾರದೆಂಬುದು ಅಂದು ಸ್ಥಿರಪಟ್ಟಿತು. ಬೊಂಬಾಯಿಯ ಸೈನ್ಯವಾದರೋ ಅದೇ ಕರಾವಳಿಯನ್ನು ಬೆನ್ನಿಗಿಟ್ಟುಕೊಂಡು, ಕೊಡಗಿನ ಮಾರ್ಗವಾಗಿ ಬಂದು, 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ಕೂಡಿಕೊಂಡಿತು. ಅಣ್ಣನು ಬಂಡೆಯನ್ನು ಹತ್ತಿಸುತ್ತಿರುವಾಗ ತಮ್ಮನು ಬಾಗಿಲನ್ನು ಮುಚ್ಚಿದ್ದನು.

ಆ ಮಾರ್ಚಿಯ ಸಂಧಿಯಲ್ಲಿ ಅರ್ಧ ರಾಜ್ಯದೊಡನೆ ಮಲಬಾರಿನ ತೀರವೂ ಹೋಯಿತು, ಮಂಗಳೂರು ಉಳಿಯಿತು. ತಂದೆಯ ಮಾತನ್ನು ಟೀಪುವು ಇಂದಿನ ಉಪನ್ಯಾಸಕಾರರಂತೆ ಅರ್ಥಮಾಡಿಕೊಳ್ಳಲಿಲ್ಲ. 1796ರಲ್ಲಿ ಅವನು ಯುದ್ಧನೌಕೆಗಳನ್ನು ಕಟ್ಟಿಸಲು, ಅವುಗಳ ಮರಮುಟ್ಟು, ಫಿರಂಗಿ, ಸಿಬ್ಬಂದಿಗಳನ್ನು ನಿಯಮಿಸಲು ಸವಿಸ್ತರವಾದ ಹುಕುಂನಾಮೆಯನ್ನು ಹೊರಡಿಸಿದನು. ಆ ನೌಕಾಬಲವು ನೀರಿಗಿಳಿದು ನಿಲ್ಲುವುದರೊಳಗಾಗಿ 1799ರ ಮೇ 4 ಬಂದಿತು.